ಹದಿನಾಲ್ಕನೇ ಪದರದ ಕಲ್ಲು

ಮಾರ್ಚ್ ಒಂಬತ್ತು, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಗುಬ್ಬಿ,

ನೀನು ಚೆನ್ನಾಗಿದ್ದೀಯ ಎಂದು ನಿನ್ನ ಕಾಗದದಿಂದ ತಿಳಿಯಿತು. ನಾನು ಹೇಗಿದ್ದೇನೆ ಎನ್ನುವುದನ್ನು ಈ ಕಾಗದ ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನಿಸು. ಮಂಡಿ ನೋವು ಹಾಗೇ ಇದೆ, ಅದನ್ನು ಮಾತ್ರ ಕೇಳಬೇಡ.

ನೀನು ಕಳಿಸಿದ ಪ್ರಬಂಧದ ಕರಡು ಮಂಗಳವಾರ ಬಂತು. ಮೂರು ಸಲ ಓದಿದೆ. ಒಂದು ಸಲ ಅಮ್ಮನಾಗಿ, ಒಂದು ಸಲ ಚಿಪ್ಪಿನ ಕೋಣೆಯಲ್ಲಿ ಮೂವತ್ತು ವರ್ಷ ಕೂತವಳಾಗಿ. ಮೂರನೆಯ ಸಲ ಯಾರಾಗಿ ಓದಿದೆ ಎನ್ನುವುದು ಮುಂದೆ ಬರುತ್ತದೆ. ಕೆಲಸ ಗಟ್ಟಿಯಾಗಿದೆ. ನದಿಯ ಎರಡು ದಡದ ಎರಡು ಗುಡ್ಡಗಳನ್ನೂ ಮತ್ತೆ ಹತ್ತಿಳಿದು, ಪದರ ಪದರದ ಕಲ್ಲಿನಲ್ಲಿ ಹುದುಗಿದ ಹಳೆಯ ಸಮುದ್ರದ ಚಿಪ್ಪು ಹೆಕ್ಕಿ, ಮೂಡಣದ ಗುಡ್ಡದ ಯಾವ ಪದರ ಪಡುವಣದ ಗುಡ್ಡದ ಯಾವ ಪದರದ ಓರಗೆಯದು ಎಂದು ಸಾಧಿಸಿದ್ದೀಯ. ಹೆಚ್ಚು ಹೊಗಳಿದರೆ ನಿನಗೆ ಕೊಂಬು ಬರುತ್ತದೆ. ಕಾಗುಣಿತದ ತಪ್ಪು ಹದಿನೇಳು ಇವೆ, ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ.

ಆದರೆ ಮೂವತ್ತೊಂದನೇ ಪುಟದ ಒಂದು ಸಾಲು ಅಚ್ಚಾಗಬಾರದು. ಹಿಂದಿನ ಸಮೀಕ್ಷೆಯಲ್ಲಿ ಪಡುವಣದ ಗುಡ್ಡದ ನಾಲ್ಕನೇ ಮತ್ತು ಹದಿನಾಲ್ಕನೇ ಪದರದ ಚಿಪ್ಪುಗಳು ಅದಲುಬದಲಾಗಿದ್ದವು, ಅದಕ್ಕೆ ಸಂಗ್ರಾಹಕರ ಅಜಾಗರೂಕತೆಯೇ ಕಾರಣ ಎಂದು ಬರೆದಿದ್ದೀಯ. ಆ ಸಂಗ್ರಾಹಕರು ನಿಮ್ಮಪ್ಪ. ಹೆಸರು ಹಾಕದೆ ಬಿಟ್ಟದ್ದು ನಿನ್ನ ದೊಡ್ಡತನ, ಆದರೆ ಅದು ಯಾರೆಂದು ಗೊತ್ತಿಲ್ಲದವರು ನಮ್ಮ ಕೆಲಸದಲ್ಲಿ ಯಾರಿದ್ದಾರೆ? ಅದಲುಬದಲಾದದ್ದು ನಿಜ. ಮಾಡಿದ್ದು ಅವರಲ್ಲ, ನಾನು.

ಈ ಮೂರು ಪದ ಬರೆಯಲು ನನಗೆ ಐದು ದಿನ ಬೇಕಾಯಿತು.

ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಸಹಿಸಿಕೋ. ಹೇಳಬೇಕಾದದ್ದರ ಹತ್ತಿರ ಹೋಗಲು ನನಗೆ ಕೆಲವು ಮೆಟ್ಟಿಲು ಬೇಕು.

ನಿನಗೆ ಐದು ವರ್ಷವಿದ್ದಾಗ, ಅಡುಗೆಮನೆಯಲ್ಲಿ ತೊಳೆಯಲು ಪೇರಿಸಿಟ್ಟಿದ್ದ ತಟ್ಟೆಗಳನ್ನು ತೋರಿಸಿ ನಾನು ಪಾಠ ಮಾಡಿದ್ದೆ. ಎಲ್ಲಕ್ಕಿಂತ ಕೆಳಗಿನ ತಟ್ಟೆ ಮೊದಲು ಇಟ್ಟದ್ದು, ಮೇಲಿನದು ಆಮೇಲೆ ಇಟ್ಟದ್ದು, ಕಲ್ಲಿನ ಪದರವೂ ಹಾಗೇ ಎಂದೆ. ನೀನು ಸುಮ್ಮನಿರುವವಳೇ? ಪಕ್ಕದ ಮನೆಯಲ್ಲೂ ತಟ್ಟೆ ಪೇರಿಸಿದ್ದಾರಲ್ಲ, ನಮ್ಮ ಯಾವ ತಟ್ಟೆ ಅವರ ಯಾವ ತಟ್ಟೆಯ ಹೊತ್ತಿನದು ಅಂತ ಹೇಗೆ ಗೊತ್ತಾಗುತ್ತೆ ಎಂದು ಕೇಳಿದೆ. ಅವತ್ತು ಇಬ್ಬರ ಮನೆಯಲ್ಲೂ ಒಂದೇ ಅಡುಗೆ ಆಗಿದ್ದರೆ ತಟ್ಟೆಗೆ ಅಂಟಿದ ಅಗುಳು ನೋಡಿ ಹೇಳಬಹುದು ಎಂದೆ. ಚಿಪ್ಪು ಎಂದರೆ ಆ ಅಗುಳು. ಇಪ್ಪತ್ತೇಳು ಕೋಟಿ ವರ್ಷದ ಹಿಂದೆ, ನಾವು ಪರ್ಮಿಯನ್ ಎನ್ನುವ ಕಾಲದಲ್ಲಿ, ಆ ಎರಡು ಗುಡ್ಡಗಳೂ ಸಮುದ್ರದ ತಳವಾಗಿದ್ದವು. ಅಲ್ಲಿ ಬದುಕಿದ ಬ್ರೇಕಿಯೊಪಾಡು ಎಂಬ ಚಿಪ್ಪಿನ ಜೀವಿಗಳಲ್ಲಿ ಒಂದೊಂದು ಜಾತಿ ಒಂದಷ್ಟು ಕಾಲ ಇದ್ದು ಅಳಿದುಹೋಯಿತು. ಆ ಜಾತಿ ಎಲ್ಲಿ ಸಿಕ್ಕಿತೋ ಅಲ್ಲಿಯ ಕಲ್ಲಿಗೆ ಆ ಕಾಲ.

ನೋಡಲು ಕಪ್ಪೆಚಿಪ್ಪಿನ ಹಾಗೆ ಇದ್ದರೂ ಇವು ಬೇರೆ ಎಂದು ನಿಮ್ಮಪ್ಪನಿಗೂ ಕಲಿಸಿದ್ದು ನಾನೇ. ಎರಡು ಚಿಪ್ಪುಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು, ಆಕಾರವೂ ಬೇರೆ. ಮದುವೆಯಾದ ಹೊಸದರಲ್ಲಿ ಅವರು ಒಂದನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ, "ನಮ್ಮ ಹಾಗೇ ಇದೆ ಕಣೇ. ಒಂದಕ್ಕೊಂದು ಹೋಲಲ್ಲ, ಆದ್ರೆ ಬಾಯಿ ಮುಚ್ಕೊಂಡ್ರೆ ನಡುವೆ ಗಾಳಿ ಕೂಡ ನುಸುಳಲ್ಲ," ಎಂದು ನಕ್ಕಿದ್ದರು. ಆಗ ನಾವಿಬ್ಬರೂ ಹಾಗೇ ಇದ್ದೆವು.

ಕಚೇರಿಯಲ್ಲೂ ನಮ್ಮದು ಜೋಡಿ ಕೆಲಸ. ಅವರು ಪಡುವಣದ ಗುಡ್ಡ ಹತ್ತಿ, ಪದರಗಳನ್ನು ಅಳೆದು, ಕಲ್ಲು ಒಡೆದು, ನಂಬರು ಹಾಕಿ ಕಳಿಸಬೇಕು. ನಾನು ಅದನ್ನು ಆಮ್ಲದಲ್ಲಿ ಕರಗಿಸಿ, ಉಳಿದ ಚಿಪ್ಪನ್ನು ಗುರುತಿಸಬೇಕು. ಮೂಡಣದ ಗುಡ್ಡದ ಚಿಪ್ಪುಗಳನ್ನು ಬೇರೆ ಊರಿನ ಒಬ್ಬ ಹಿರಿಯರು ನೋಡುತ್ತಿದ್ದರು. ಕಚೇರಿಯಲ್ಲಿ ನನ್ನನ್ನು ಎಲ್ಲರೂ ಚಿಪ್ಪಮ್ಮ ಎನ್ನುತ್ತಿದ್ದರು. ನಿಮ್ಮಪ್ಪ ಅಳತೆ ತಪ್ಪಿದರೆ ಊಟ ಸೇರದ ಮನುಷ್ಯ. ಪ್ರತಿ ಕಲ್ಲಿನ ಮೇಲೂ ಬಿಳಿ ಬಣ್ಣದಲ್ಲಿ, ಗುಡ್ಡದ ಬುಡದಿಂದ ಮೇಲಕ್ಕೆ ಎಣಿಸಿದ ಪದರದ ನಂಬರು, ಗುಡ್ಡದಲ್ಲಿದ್ದಾಗ ಯಾವ ಕಡೆ ಮೇಲಿತ್ತೋ ಆ ಕಡೆಗೆ ಒಂದು ಬಾಣ. ಮಾರುಕಟ್ಟೆಯಿಂದ ತಂದ ಕುಂಬಳಕಾಯಿಗೂ ಬಾಣ ಹಾಕಿ ತರುತ್ತಾರೆ ಎಂದು ನಾನು ಗೇಲಿ ಮಾಡುತ್ತಿದ್ದೆ.

ನನ್ನ ಕೋಣೆ ನಿನಗೆ ನೆನಪಿರಬೇಕು. ಉತ್ತರದ ಕಿಟಕಿ, ಎರಡು ಕಲ್ಲಿನ ತೊಟ್ಟಿ, ಸಾಲಾಗಿ ನೀಲಿ ಪ್ಲಾಸ್ಟಿಕ್ ಟಬ್ಬುಗಳು. ಮೂಗಿಗೆ ಆಮ್ಲದ ಘಾಟು ಬಡಿಯುತ್ತದೆ ಎಂದು ನೀನು ಹೊಸ್ತಿಲಲ್ಲೇ ನಿಲ್ಲುತ್ತಿದ್ದೆ. ಟಬ್ಬಿನಲ್ಲಿ ಕಲ್ಲು ಇಟ್ಟು ಆಮ್ಲ ಸುರಿದರೆ ಸುಣ್ಣಕಲ್ಲು ನೊರೆಯಾಗಿ ಕರಗುತ್ತದೆ, ಬೆಣಚಾಗಿ ಹೋದ ಚಿಪ್ಪು ಮಾತ್ರ ಉಳಿಯುತ್ತದೆ. ಕಲ್ಲಿನ ಜೊತೆ ಕಲ್ಲಿನ ಮೇಲಿನ ನಂಬರೂ ಹೋಗುತ್ತದಲ್ಲ, ಅದಕ್ಕೇ ಮೇಣದಲ್ಲಿ ಅದ್ದಿದ ಒಂದು ಚೀಟಿಯಲ್ಲಿ ನಂಬರು ಬರೆದು ಟಬ್ಬಿನ ಕಿವಿಗೆ ಕಟ್ಟುತ್ತೇವೆ. ನೈಲಾನ್ ದಾರದಲ್ಲಿ ಕಟ್ಟಬೇಕು. ಹತ್ತಿ ದಾರವನ್ನು ಆಮ್ಲದ ಹಬೆ ತಿಂದುಹಾಕುತ್ತದೆ.

ಆ ವಾರ ನೈಲಾನ್ ದಾರ ಮುಗಿದಿತ್ತು. ಉಗ್ರಾಣಕ್ಕೆ ಚೀಟಿ ಬರೆದು ತರಿಸಬೇಕಿತ್ತು, ಎರಡು ದಿನದ ಕೆಲಸ. ನಾನು ಚೀಲದಲ್ಲಿದ್ದ ಹೊಲಿಗೆಯ ದಾರದಲ್ಲೇ ಕಟ್ಟಿದೆ. ಹಿಂದೊಮ್ಮೆ ಹೀಗೆ ಮಾಡಿದ್ದನ್ನು ನೋಡಿ ನಿಮ್ಮಪ್ಪ, "ಹತ್ತಿ ದಾರ ತಡ್ಕೊಳಲ್ಲ ಕಣೇ, ಒಂದಲ್ಲ ಒಂದಿನ ಕೈ ಕೊಡುತ್ತೆ," ಎಂದಿದ್ದರು. ನನ್ನ ಕೋಣೆಯ ವಿಷಯಕ್ಕೆ ಬರಬೇಡಿ ಎಂದು ಮುಖ ತಿರುಗಿಸಿದ್ದೆ.

ಅಂದು ಬುಧವಾರ. ಅಕ್ಕಪಕ್ಕದ ಎರಡು ಟಬ್ಬುಗಳಲ್ಲಿ ನಾಲ್ಕನೇ ಪದರದ ಕಲ್ಲು, ಹದಿನಾಲ್ಕನೇ ಪದರದ ಕಲ್ಲು ಕರಗುತ್ತಿದ್ದವು. ನಿನಗೆ ಜ್ವರ ಬಂದಿದೆ ಎಂದು ಶಾಲೆಯಿಂದ ಫೋನ್ ಬಂತು. ಓಡಿದೆ, ನಿನ್ನನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಮಲಗಿಸಿ ಬಂದೆ. ಬಂದು ನೋಡಿದರೆ ಎರಡು ಚೀಟಿಗಳೂ ಟಬ್ಬುಗಳ ನಡುವೆ ಒದ್ದೆ ನೆಲದ ಮೇಲೆ ಬಿದ್ದಿದ್ದವು. ಕಲ್ಲು ಎರಡೂ ಪೂರ್ತಿ ಕರಗಿದ್ದವು.

ಗುಬ್ಬಿ, ಇದನ್ನು ನಿನ್ನ ಜ್ವರದ ಲೆಕ್ಕಕ್ಕೆ ಹಾಕಿಕೊಳ್ಳಬೇಡ. ಎಷ್ಟೋ ವರ್ಷ ನಾನೇ ಹಾಗೆ ಹಾಕಿ ಸಮಾಧಾನ ಮಾಡಿಕೊಂಡಿದ್ದೆ. ದಾರ ಹರಿದದ್ದು ಹತ್ತಿಯದಾಗಿದ್ದರಿಂದ, ನೀನು ಮಲಗಿದ್ದರಿಂದಲ್ಲ. ದಾರ ಹರಿದದ್ದೂ ದೊಡ್ಡ ತಪ್ಪಲ್ಲ. ಅಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂದು ನಾನೇ ಎಷ್ಟೋ ಜನಕ್ಕೆ ಪಾಠ ಹೇಳಿದ್ದೇನೆ. ಎರಡೂ ಟಬ್ಬುಗಳ ಮೇಲೆ "ಪದರ ತಿಳಿಯದು" ಎಂದು ಬರೆದು ಬದಿಗಿಟ್ಟು, ಬೇರೆ ಕಲ್ಲು ತರಿಸಬೇಕು. ನಿಮ್ಮಪ್ಪ ಮತ್ತೆ ಗುಡ್ಡ ಹತ್ತಬೇಕಿತ್ತು, ನಾನು ಹೊಲಿಗೆ ದಾರದ ಕತೆ ಹೇಳಬೇಕಿತ್ತು, ಅಷ್ಟೇ. ಅದರ ಬದಲು ನಾನು ಬಗ್ಗಿ, ಯಾವ ಚೀಟಿ ಯಾವ ಟಬ್ಬಿಗೆ ಹತ್ತಿರ ಬಿದ್ದಿದೆ ಎಂದು ನೋಡಿ, ಹಾಗೇ ಕಟ್ಟಿದೆ. ಮತ್ತೆ ಹತ್ತಿ ದಾರದಲ್ಲೇ.

ಒಂದು ಟಬ್ಬಿನಲ್ಲಿ ಸಿಕ್ಕಿದ್ದು ಹೊಟ್ಟೆ ಉಬ್ಬಿದ ಮುಳ್ಳುಚಿಪ್ಪು. ಇನ್ನೊಂದರಲ್ಲಿ ಎರಡು ಕಡೆಗೂ ಅಂಚು ಚಾಚಿದ ರೆಕ್ಕೆಚಿಪ್ಪು. ಆ ಗುಡ್ಡಗಳಲ್ಲಿ ಯಾವುದು ಹಿಂದಿನದು ಯಾವುದು ಮುಂದಿನದು ಎಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಆ ಕೆಲಸ. ಪಡುವಣದ ಗುಡ್ಡದ ಉಳಿದ ಕಲ್ಲುಗಳಲ್ಲಿ ಗುರುತು ಹಿಡಿಯುವಂಥ ಚಿಪ್ಪು ಇರಲಿಲ್ಲ. ಎರಡು ಗುಡ್ಡಗಳನ್ನು ಕಟ್ಟಿ ಹಾಕಲು ಇದ್ದದ್ದು ಆ ಎರಡೇ ಗಂಟು, ಎರಡನ್ನೂ ನಾನು ತಪ್ಪಾಗಿ ಹಾಕಿದ್ದೆ.

ಮೂರು ತಿಂಗಳ ನಂತರ ಸಭೆ ನಡೆಯಿತು. ಗೋಡೆಯ ಮೇಲೆ ನಕ್ಷೆ ತೂಗುಹಾಕಿದಾಗಲೇ ನಾನು ಅದನ್ನು ಮೊದಲ ಸಲ ನೋಡಿದ್ದು. ಎಡಗಡೆ ಪಡುವಣದ ಗುಡ್ಡದ ಕಂಬ, ಬಲಗಡೆ ಮೂಡಣದ ಗುಡ್ಡದ ಕಂಬ, ಒಂದೇ ಜಾತಿಯ ಚಿಪ್ಪು ಸಿಕ್ಕ ಪದರದಿಂದ ಪದರಕ್ಕೆ ಗೆರೆ. ಆ ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಇರಬೇಕು. ನಮ್ಮ ನಕ್ಷೆಯಲ್ಲಿ ಎರಡು ಗೆರೆ ಒಂದನ್ನೊಂದು ಕತ್ತರಿಸಿಕೊಂಡು ಹೋಗಿದ್ದವು. ಮೂಡಣದಲ್ಲಿ ಮುಳ್ಳುಚಿಪ್ಪು ಕೆಳಗೆ, ರೆಕ್ಕೆಚಿಪ್ಪು ಮೇಲೆ. ಪಡುವಣದಲ್ಲಿ ತಿರುಗುಮುರುಗು. ಒಂದೇ ಸಮುದ್ರದಲ್ಲಿ ಮೊಮ್ಮಗ ಅಜ್ಜನಿಗಿಂತ ಮೊದಲು ಹುಟ್ಟಲು ಆಗುವುದಿಲ್ಲ.

ದೊಡ್ಡ ಸಾಹೇಬರು ಮೊದಲು ನನ್ನ ಕಡೆ ತಿರುಗಿ, ಆಮ್ಲದ ಕೋಣೆಯಲ್ಲಿ ಚೀಟಿ ಬದಲಾಗಿರಬಹುದೇ ಎಂದು ಕೇಳಿದರು. ನಾನು, "ನನ್ನ ಕೋಣೇಲಿ ಅಂಥದ್ದು ಆಗಲ್ಲ ಸರ್," ಎಂದೆ. ಎಷ್ಟು ಬೇಗ ಎಂದೆ ಎಂದರೆ ಅವರ ಪ್ರಶ್ನೆಯೇ ಮುಗಿದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಅದೇ, ಆದರೆ ಅಲ್ಲಿದ್ದ ಯಾರೂ ನನ್ನ ಹೆಗಲು ನೋಡಲಿಲ್ಲ. ಆಮೇಲೆ ಸಾಹೇಬರು ನಿಮ್ಮಪ್ಪನನ್ನು, ಕಲ್ಲು ಒಡೆದಾಗ ಇನ್ನೊಂದು ತುಂಡನ್ನು ನಿಮ್ಮ ಹತ್ತಿರ ಇಟ್ಟುಕೊಂಡಿದ್ದೀರಾ ಎಂದು ಕೇಳಿದರು. ನಿಮ್ಮಪ್ಪ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಒಂದು ಕಲ್ಲನ್ನು ಕೈಗೆತ್ತಿಕೊಂಡು ಇದು ಯಾವ ಪದರದ್ದು ಎಂದು ಯೋಚಿಸುವಾಗ ನೋಡುವ ಹಾಗೆ ನೋಡಿದರು. ಆಮೇಲೆ, "ಇಲ್ಲ ಸರ್, ಇಟ್ಟಿಲ್ಲ," ಎಂದರು.

ಎರಡು ನಂಬರು ತಪ್ಪು ಹಾಕಿದವನ ಉಳಿದ ನಂಬರುಗಳನ್ನು ನಂಬುವುದು ಹೇಗೆ ಎಂದು ಯಾರೋ ಕೇಳಿದರು. ಹದಿನಾರು ಪದರ, ಹದಿಮೂರು ತಿಂಗಳ ಅಳತೆ, ಎಲ್ಲವನ್ನೂ ಕಟ್ಟಿ ಕಪಾಟಿಗೆ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ನಿಮ್ಮಪ್ಪನಿಗೆ ಮತ್ತೆ ಗುಡ್ಡ ಹತ್ತುವ ಕೆಲಸ ಕೊಡಲಿಲ್ಲ. ಅದೇ ತಿಂಗಳು ನನ್ನನ್ನು ಚಿಪ್ಪಿನ ಕೋಣೆಯ ಮುಖ್ಯಸ್ಥೆ ಮಾಡಿದರು. ನೀನು ಆ ದಿನ ಹೊಸ ಫ್ರಾಕು ಹಾಕಿಕೊಂಡು ನನ್ನ ಕುರ್ಚಿಯಲ್ಲಿ ಕೂತು ಗರಗರ ತಿರುಗಿದ್ದು ನನಗೆ ನೆನಪಿದೆ.

ಅಪ್ಪ ನಮ್ಮನ್ನು ಬಿಟ್ಟು ಹೋದರು ಎಂದೇ ನಿನಗೆ ಹೇಳಿ ಬೆಳೆಸಿದೆ. ಹೇಗೆ ಹೋದರು ಎಂದು ಹೇಳಲಿಲ್ಲ. ಒಂದು ಸಂಜೆ ನಾನು ಬಟ್ಟೆ ಮಡಿಸುತ್ತಿದ್ದೆ, ಅವರು ಬಂದು ಎದುರು ಕೂತರು. "ಅವರಿಗೆ ಹೇಳೋದು ಬೇಡ. ನಂಗೆ ಹೇಳು ಸಾಕು," ಎಂದರು. ಒಂದು ಮಾತು ಸಾಕಿತ್ತು. ನಾನು ದಿಂಬಿನ ಚೀಲ ಮಡಿಸುತ್ತಾ, "ಏನನ್ನ ಹೇಳ್ಬೇಕು ನಿಮಗೆ?" ಎಂದೆ. ಅವರು ಎದ್ದರು. ಮರುವಾರ ಕಲ್ಲುಗಣಿಯ ಊರಿನಲ್ಲಿ ಅಳತೆಗಾರನ ಕೆಲಸ ಸಿಕ್ಕಿತೆಂದು ಹೊರಟರು. ನಾನು ಬರುತ್ತೇನೆ ಎನ್ನಲಿಲ್ಲ, ಅವರು ಬಾ ಎನ್ನಲಿಲ್ಲ. ಇಪ್ಪತ್ತಮೂರು ವರ್ಷವಾಯಿತು. ಅವರಿಗೆ ಸಂಶಯವಿತ್ತು, ಸಾಕ್ಷಿ ಇರಲಿಲ್ಲ, ಸಾಕ್ಷಿ ಇದ್ದಿದ್ದರೆ ಯಾರು ತಾನೇ ಬಿಡುತ್ತಿದ್ದರು ಎಂದುಕೊಂಡೇ ಇಷ್ಟು ವರ್ಷ ದೂಡಿದೆ.

ಈಗ ನಿನ್ನ ಕಾಗದದ ಎರಡನೇ ಪುಟಕ್ಕೆ ಬರುತ್ತೇನೆ. ಕರಡಿನ ಆ ಸಾಲನ್ನು ಅಪ್ಪನಿಗೆ ಓದಿ ಹೇಳಿದೆ, ಬೇಜಾರಾದರೆ ತೆಗೀತೀನಿ ಅಂದೆ, ಅವರು ಕನ್ನಡಕ ಒರೆಸುತ್ತಾ "ಹಾಗೇ ಬರ್ಕೋ" ಅಂದರು ಎಂದು ಬರೆದಿದ್ದೀಯ. ಅದರ ಕೆಳಗೆ ನಿನ್ನ ಎಂದಿನ ತಮಾಷೆ. ಅಪ್ಪ ಕಲ್ಲಿನ ಸಹವಾಸ ಇನ್ನೂ ಬಿಟ್ಟಿಲ್ಲ, ಮನೆ ನಂಬರನ್ನೂ ಕಲ್ಲಿನ ಮೇಲೆ ಬರೆದು ಬಾಗಿಲಿಗೆ ಅಡ್ಡ ಇಟ್ಟಿದ್ದಾರೆ, ಬಿಳಿ ಬಣ್ಣದಲ್ಲಿ ಹದಿನಾಲ್ಕು ಅಂತ, ಪಕ್ಕದಲ್ಲೊಂದು ಬಾಣ ಬೇರೆ, ಮಳೆಗೆ ಸವೆದು ಅದರಿಂದ ಚಿಪ್ಪಿನ ರೆಕ್ಕೆಯೊಂದು ಎದ್ದು ನಿಂತಿದೆ, ಎಡವಿ ಹೆಬ್ಬೆರಳು ಊದಿಸಿಕೊಂಡೆ ಎಂದು.

ಗುಬ್ಬಿ, ಅವರ ಮನೆ ನಂಬರು ಇಪ್ಪತ್ತೆರಡು. ನನಗೆ ಗೊತ್ತು. ಆ ವಿಳಾಸ ಬರೆದ ಲಕೋಟೆಗಳು ಎಷ್ಟೋ ನನ್ನ ಮೇಜಿನ ಖಾನೆಯಲ್ಲೇ ಇವೆ.

ಗುಡ್ಡದ ಮೇಲೆ ಒಡೆಯುವ ಕಲ್ಲಿಗೆ ನಂಬರು ಬರೆಯುವ ಬಿಳಿ ಬಣ್ಣ, ಮೇಲ್ಗಡೆ ತೋರಿಸುವ ಬಾಣ. ಆ ಕಲ್ಲಿನಲ್ಲಿ ರೆಕ್ಕೆಚಿಪ್ಪು ಇದೆ. ಅಂದರೆ ಹದಿನಾಲ್ಕನೇ ಪದರದಲ್ಲಿ ಇರಬೇಕಾದ ಚಿಪ್ಪು ಹದಿನಾಲ್ಕು ಎಂದು ಬರೆದ ಕಲ್ಲಿನಲ್ಲೇ ಇದೆ. ಅವರ ನಂಬರು ಸರಿಯಾಗಿತ್ತು. ಇನ್ನೊಂದು ತುಂಡನ್ನು ಅವರು ಇಟ್ಟುಕೊಂಡಿದ್ದರು. ಅದನ್ನು ತಂದು ಸಾಹೇಬರ ಮೇಜಿನ ಮೇಲೆ ಇಟ್ಟಿದ್ದರೆ ಅವರ ಹೆಸರು ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ನನ್ನ ಮುಖ ನೋಡಿ ಇಲ್ಲ ಎಂದುಬಿಟ್ಟರು. ದಿನಾ ಬೆಳಿಗ್ಗೆ ಆ ಕಲ್ಲು ದಾಟಿಕೊಂಡೇ ಕೆಲಸಕ್ಕೆ ಹೋಗಿದ್ದಾರೆ. ಇದು ತಿಳಿದ ಮೇಲೆ ನಾನು ಮೂರನೆಯ ಸಲ ನಿನ್ನ ಕರಡು ಓದಿದೆ, ತಪ್ಪಿತಸ್ಥೆಯಾಗಿ. ಓದುತ್ತಾ ಅತ್ತೆ. ನನಗೆ ಅಳು ಸುಲಭಕ್ಕೆ ಬರುವುದಿಲ್ಲ ಎಂದು ನಿನಗೆ ಗೊತ್ತು.

ಕಲ್ಲಿನ ವಿಷಯದಲ್ಲಿ ಇಷ್ಟು ಚುರುಕಾದ ನೀನು ಅದನ್ನು ಮನೆ ನಂಬರು ಎಂದುಕೊಂಡೆಯಲ್ಲ ಎಂದು ಬೈಯಲು ಹೊರಟಿದ್ದೆ. ಬೈಯುವುದಿಲ್ಲ. ಅಪ್ಪನ ಕೈ ತಪ್ಪುವ ಕೈ ಎಂದು ನಂಬಿಸಿ ಬೆಳೆಸಿದವಳು ನಾನು, ನಿನ್ನ ಕಣ್ಣಿಗೆ ಆ ನಂಬರು ಹೇಗೆ ಕಂಡೀತು?

ಈಗ ನೀನು ಮಾಡಬೇಕಾದದ್ದು ಇಷ್ಟು. ಅಪ್ಪನ ಒಪ್ಪಿಗೆ ಕೇಳಿ ಆ ಕಲ್ಲಿನ ಒಂದು ಮೂಲೆ ಒಡೆದುಕೊಂಡು ಬಂದು ನೀನೇ ಕರಗಿಸಿ ನೋಡು. ನನ್ನ ಮಾತು ನಂಬಬೇಡ, ನಮ್ಮ ಕೆಲಸದಲ್ಲಿ ಯಾರ ಮಾತನ್ನೂ ಹಾಗೆ ನಂಬಬಾರದು. ಚೀಟಿಯನ್ನು ನೈಲಾನ್ ದಾರದಲ್ಲಿ ಕಟ್ಟು. ಆಮೇಲೆ ಆ ಸಾಲು ತೆಗೆದು, ಚೀಟಿಗಳು ಬದಲಾದದ್ದು ಆಮ್ಲದ ಕೋಣೆಯಲ್ಲಿ, ಬದಲಿಸಿದ್ದು ಚಿಪ್ಪು ಗುರುತಿಸಿದವರು, ಸಂಗ್ರಾಹಕರ ನಂಬರುಗಳು ಎಲ್ಲವೂ ಸರಿ ಇದ್ದವು ಎಂದು ಬರೆ. ನನ್ನ ಹೆಸರು ಹಾಕು. ಅಮ್ಮ ಎಂದು ಸೌಜನ್ಯ ತೋರಿಸಬೇಡ. ಹಳೆಯ ಕಚೇರಿಗೂ ನಿನ್ನೆಯೇ ಬರೆದು ಹಾಕಿದ್ದೇನೆ, ಆದ್ದರಿಂದ ಬರೆಯಲೋ ಬೇಡವೋ ಎಂಬ ಸಂಕಟ ನಿನಗಿಲ್ಲ.

ನಿನ್ನ ಕೆಲಸಕ್ಕೆ ಇದರಿಂದ ತೊಡಕಾಗಬಹುದು. ತಾಯಿಯ ತಪ್ಪನ್ನು ಮಗಳು ತಿದ್ದಿದಳು ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನ ಮಾನ ಹೋದದ್ದು ಅಡಿಕೆಗೂ ಅಲ್ಲ, ಒಂದು ಗೇಣು ಹೊಲಿಗೆ ದಾರಕ್ಕೆ. ಅದು ಬರುವುದು ಬೇಡ. ಅವರದು ಅವರಿಗೆ ಸಿಗಲಿ.

ನಿಮ್ಮಪ್ಪನಿಗೆ ನಾನು ಬರೆಯುವುದಿಲ್ಲ. ಬರೆದು ಖಾನೆಗೆ ಹಾಕುವ ಅಭ್ಯಾಸ ನನಗಿದೆ. ಗುರುವಾರದ ಬಸ್ಸಿಗೆ ಹೋಗಿ, ಅಂದು ಅವರು ಕೇಳಿದ ಒಂದು ಮಾತನ್ನು ಬಾಯಿಬಿಟ್ಟು ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗಿನಿಂದಲೇ ಹೇಳಿ ಬರುತ್ತೇನೆ. ನನ್ನ ಮೇಲೆ ನಿನಗೆ ಎಷ್ಟು ಸಿಟ್ಟು ಬರುತ್ತದೋ ಅಷ್ಟೂ ನ್ಯಾಯವೇ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ
ಅಮ್ಮ

ಮತ್ತೆ: ಮರೆತಿದ್ದೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ, ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಕ್ಷೆಯನ್ನು ಸಭೆಯಲ್ಲೇ ಮೊದಲ ಸಲ ನೋಡಿದೆ ಎಂದು ಮೇಲೆ ಬರೆದಿದ್ದೇನೆ, ಅದು ಸುಳ್ಳು. ಸಭೆ ಇದ್ದದ್ದು ಹನ್ನೊಂದಕ್ಕೆ. ಒಂಬತ್ತು ಗಂಟೆಗೆ ನಕ್ಷೆಗಾರರು ಹಾಳೆ ಹಿಡಿದುಕೊಂಡು ನನ್ನ ಕೋಣೆಗೆ ಬಂದು, "ಮೇಡಂ, ಯಾಕೋ ಈ ಎರಡು ಗೆರೆ ಕತ್ತರಿ ಆಗ್ತಿವೆ, ಒಂದ್ಸಲ ನೋಡ್ತೀರಾ?" ಎಂದರು. ನೋಡಿದ ತಕ್ಷಣ ದಾರ ನೆನಪಾಯಿತು. ಮುಖ್ಯಸ್ಥೆಯ ಹುದ್ದೆ ನನಗೆ ಎಂದು ಅದೇ ವಾರ ತೀರ್ಮಾನವಾಗುವುದಿತ್ತು. "ಪಟ್ಟೀಲಿ ಇದ್ದ ಹಾಗೇ ಎಳೀರಿ," ಎಂದೆ. ಹತ್ತೂವರೆಗೆ ನಿಮ್ಮಪ್ಪ ಗುಡ್ಡದಿಂದ ನೇರವಾಗಿ ಬಂದರು. ನನ್ನ ತೊಟ್ಟಿಯಲ್ಲೇ ಮುಖ ತೊಳೆದು, ನನ್ನ ಬಾಚಣಿಗೆ ಕೇಳಿ ಇಸಕೊಂಡು ತಲೆ ಬಾಚಿಕೊಂಡು, ಚೆನ್ನಾಗಿ ಕಾಣ್ತೀನಾ ಎಂದು ಕೇಳಿದರು. ಚೆನ್ನಾಗಿದ್ದೀರಿ ಎಂದು ಕಳಿಸಿದೆ. ಇದನ್ನೂ ಬರ್ಕೋ.